ಇನ್ನೂ ಬೀಳದ ಮನೆ

ಮೆಕ್ಸಿಕೊ ನಗರ,
ನವೆಂಬರ್ ೯, ೧೯೯೩

ಪ್ರೀತಿಯ ಅಣ್ಣ ಎವಾರಿಸ್ತೊ,

ನಿನ್ನ ಮಂಡಿನೋವು ಹೇಗಿದೆ? ಫೋನೂ ಇಲ್ಲದ ಆ ರೈಲುಹಾದಿಯ ಬಿಡಾರದಲ್ಲಿ, ಬೆಟ್ಟದ ಚಳಿಯಲ್ಲಿ, ಹೊರಗೆ ನಿಂತು ದುಡಿಯಬೇಡವೆಂದರೆ ನೀನು ಕೇಳುವವನಲ್ಲ. ಅತ್ತಿಗೆ ಕಳಿಸಿದ ಒಣಮೆಣಸಿನಕಾಯಿ ತಲುಪಿತು. ಅಮ್ಮ ಅದನ್ನೂ ಮೂಸಿ ನೋಡಿ ಮೂಲೆಗಿಟ್ಟಳು.

ಅವಳು ನನ್ನ ಮನೆಗೆ ಬಂದು ಎರಡು ತಿಂಗಳಾಯಿತು. ಯಾಕೆಂದು ಈಗ ಬರೆಯುತ್ತೇನೆ. ನಾವು ಹುಟ್ಟಿ ಬೆಳೆದ ಐದಂತಸ್ತಿನ ಕಟ್ಟಡವನ್ನು ಕೊಂಡ ಹೊಸ ಮಾಲೀಕ, ಕಾರು ನಿಲ್ಲಿಸಲು ಜಾಗ ಬೇಕೆಂದು ನೆಲಮಹಡಿಯ ಇಟ್ಟಿಗೆ ಗೋಡೆಗಳನ್ನೆಲ್ಲ ಒಡೆಸಿ, ಮೇಲೆ ಇನ್ನೊಂದು ಅಂತಸ್ತು ಏರಿಸಿದ. ಬಾಡಿಗೆಯವರು "ನಮ್ಮ ಹುಡುಗಿ ಇಂಜಿನಿಯರು, ಒಂದ್ಸಲ ನೋಡ್ಲಿ" ಎಂದು ನನ್ನನ್ನೇ ಕರೆದರು. ಹೋಗಿ ನೋಡಿದೆ. ಅಷ್ಟೂ ಭಾರ ಸಪೂರ ಕಂಬಗಳ ಮೇಲೆ. ಅಡಿಯಲ್ಲಿ, ಈ ನಗರವೇ ನಿಂತಿರುವ ಹಳೆಯ ಸರೋವರದ ಮೆತ್ತನೆಯ ಹೂಳು. ಬೀದಿ ಕಡೆಯ ಮೂಲೆ ಆಗಲೇ ಕುಸಿದು, ಕಂಬಗಳ ನೆತ್ತಿಯಲ್ಲಿ ಓರೆ ಬಿರುಕು ಬಿಟ್ಟಿತ್ತು. ನೆಲ ಸ್ವಲ್ಪ ಜೋರಾಗಿ ಅಲುಗಿದರೆ ಮೇಲಿನದೆಲ್ಲ ಇಡಿಯಾಗಿ ಕೆಳಕ್ಕೆ ಕೂರುತ್ತದೆ. ಕಂಬಗಳಿಗೆ ಉಕ್ಕಿನ ಕವಚ ತೊಡಿಸಿ, ನಡುವೆ ಆಸರೆ ಕೊಟ್ಟು, ತಳಪಾಯ ಗಟ್ಟಿ ಮಾಡಿದರೆ ಉಳಿಸಬಹುದು. ಒಳಗೆ ಜನರನ್ನಿಟ್ಟುಕೊಂಡು ಮಾಡುವ ಕೆಲಸವಲ್ಲ ಅದು. ಹಾಗೆಂದೇ ಬರೆದುಕೊಟ್ಟೆ. ನಗರದ ಅಧಿಕಾರಿಗಳು ಎಲ್ಲರನ್ನೂ ಹೊರಡಿಸಿ ಬಾಗಿಲಿಗೆ ಸೀಲು ಹಾಕಿದರು. ಮಾಲೀಕ ತಲೆಮರೆಸಿಕೊಂಡ. ದುರಸ್ತಿ ಶುರುವಾಗಲೇ ಇಲ್ಲ.

ಮನೆ ಖಾಲಿ ಮಾಡಿ ತನ್ನ ಹೊಲಿಗೆ ಯಂತ್ರ ಇಳಿಸುವಾಗ ಅಮ್ಮ ಎಲ್ಲರೆದುರಿಗೇ, "ಎಂಬತ್ತೈದರ ಭೂಕಂಪಕ್ಕೂ ಜಗ್ಗದ ಮನೇನ ನಿನ್ನ ಬಾಯಿ ಬೀಳಿಸ್ತಲ್ಲೇ, ಒಫೇಲಿಯಾ!" ಎಂದಳು. "ಆಗ ಕೆಳಗಡೆ ಗೋಡೆ ಇತ್ತಲ್ಲಮ್ಮಾ" ಎಂದೆ. "ನಿಮ್ಮಣ್ಣ ಇಲ್ಲಿದ್ದಿದ್ರೆ ಗೋಡೆ ಕಟ್ಟಿಸ್ತಿದ್ದ. ನೀನು ಜನಾನ ಓಡಿಸ್ದೆ."

ಮೂರನೇ ಮಹಡಿಯ ಚಪ್ಪಲಿ ಹೊಲಿಯುವ ನಿಕಾನೋರ್ ತಾತ, ಊರಾಚೆ ಮಗಳ ಮನೆಗೆ ಹೋದವನು ಅಕ್ಟೋಬರಿನಲ್ಲಿ ತೀರಿಕೊಂಡ. ಸತ್ತವರ ಹಬ್ಬಕ್ಕೆ ನಾನು ಒಯ್ದ ಬ್ರೆಡ್ಡನ್ನು ಅವನ ಹೆಂಡತಿ ಅವನಿಗಿಟ್ಟ ಎಡೆಯ ಚೆಂಡುಹೂಗಳ ನಡುವೆ ಇಡದೆ, ಬಾಗಿಲ ಹೊರಗಿಟ್ಟಳು. ಆ ಬೀದಿಯಲ್ಲಿ ಟೋರ್ಟಿಯಾ ರೊಟ್ಟಿ ಮಾರುವ ರೆಮೆದಿಯೋಸಳಂತೂ ಕಂಡಾಗಲೆಲ್ಲ, "ಏನ್ರೀ ಇಂಜಿನಿಯರಮ್ಮ, ಇನ್ನೂ ಬಿದ್ದಿಲ್ವಲ್ಲ?" ಎನ್ನುತ್ತಾಳೆ. ಮೊನ್ನೆ ಆ ಕಟ್ಟಡದ ಮುಂದೆ ಹೋಗುತ್ತಿದ್ದಾಗ ಲಾರಿಯೊಂದು ಹಾದು ಬೀದಿ ನಡುಗಿತು. ತಲೆಯೆತ್ತಿ ನಮ್ಮ ಕಿಟಕಿ ನೋಡಿದೆ. ಬೀಳಲಿ, ಒಮ್ಮೆ ಬಿದ್ದೇ ಬಿಡಲಿ ಅನ್ನಿಸಿಬಿಟ್ಟಿತು, ಅಣ್ಣ. ಅಂದಿನಿಂದ ಅನ್ನಾಹಾರ ಸೇರುತ್ತಿಲ್ಲ.

ಗ್ವಾದಲೂಪೆಯ ತಾಯಿ ನಿಮ್ಮನ್ನೆಲ್ಲ ಕಾಯಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ತಂಗಿ,
ಒಫೇಲಿಯಾ

ತಾ.ಕ.: ಪತ್ರ ಮಡಚುವಷ್ಟರಲ್ಲಿ, ಮಾರುಕಟ್ಟೆಗೆ ಹೋದ ಅಮ್ಮ ಇನ್ನೂ ಬಂದಿಲ್ಲವೆಂದು ಹೊಳೆಯಿತು. ಹಳೆಯ ಕಟ್ಟಡಕ್ಕೆ ಓಡಿದೆ. ಬಾಗಿಲ ಸೀಲು ಕಿತ್ತುಹೋಗಿತ್ತು. ಅಮ್ಮ ನಿಕಾನೋರನ ಹೆಂಡತಿಯನ್ನೂ ಕರೆತಂದಿದ್ದಾಳೆ, ಇಬ್ಬರೂ ನಮ್ಮ ಹಳೆಯ ಮನೆ ಗುಡಿಸುತ್ತಿದ್ದಾರೆ. "ಹೆದರಿಕೆ ಆದ್ರೆ ನೀನು ಹೋಗೇ" ಅಂದಳು ಅಮ್ಮ. ಹೋಗಲಾಗಲಿಲ್ಲ. ಇದನ್ನು ಅಲ್ಲೇ ಬರಿನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಅವಳು ನಿನ್ನ ಮಾತೊಂದನ್ನೇ ಕೇಳುವುದು. ತಲುಪಿದ ಕೂಡಲೇ ಹೊರಡು.