ಎರಡನೇ ಟ್ರೊಂಬೋನಿನ ಕುರ್ಚಿ

ಮನುಕಾವ್
18 ಜೂನ್ 2025

ಪ್ರಿಯ ಶಿವೂ,

ನೀನು ಮನೆ ಬಿಟ್ಟು ಅಪ್ಪರ್ ಹಟ್ ಊರಿಗೆ ಹೋಗಿ ಮೂರು ವರ್ಷವಾಯಿತು. ಇದು ನನ್ನ ಮೊದಲ ಪತ್ರ. ಅಲ್ಲಿಯ ಚಳಿ ನಿನ್ನ ಮೊಣಕಾಲನ್ನು ಕಾಡುತ್ತಿಲ್ಲವೆಂದುಕೊಳ್ಳುತ್ತೇನೆ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಬಿಗ್ ಬ್ಯಾಂಡಿನ ಎರಡನೇ ಟ್ರೊಂಬೋನ್ ವಾದಕ ಆಸ್ಟ್ರೇಲಿಯಾಕ್ಕೆ ಹೊರಟಿದ್ದಾನೆ. ನಿನ್ನೆ ಪೆನ್‌ರೋಸ್ ಹಾಲ್‌ನಲ್ಲಿ ಅಭ್ಯಾಸ ಮುಗಿದ ಮೇಲೆ ಗ್ರೇಮ್ ನಿರ್ದೇಶಕನ ಕೋಲು ಕೆಳಗಿಟ್ಟು, ಸೆಪ್ಟೆಂಬರ್ ಹದಿಮೂರರ ಸಂಗೀತ ಕಚೇರಿಗೆ ಆ ಕುರ್ಚಿಯಲ್ಲಿ ಯಾರನ್ನು ಕೂರಿಸೋಣ ಎಂದು ಕೇಳಿದ. ನಾನು ನಿನ್ನ ಹೆಸರು ಹೇಳಿದೆ. ಡ್ರಮ್ ಬಿಚ್ಚಿಡುತ್ತಿದ್ದವನೂ ಕೈ ನಿಲ್ಲಿಸಿ ನನ್ನನ್ನೇ ನೋಡಿದ.

ಮೊದಲನೇ ಟ್ರೊಂಬೋನಿನ ಲೀಡ್ ಕುರ್ಚಿ ನನ್ನದೇ, ಅದನ್ನು ಬಿಟ್ಟುಕೊಡಲು ಬರೆಯುತ್ತಿಲ್ಲ. ನೀನು ಹೋದ ಮೇಲೆ ಎರಡು ಆಲ್ಬಮ್‌ಗಳಲ್ಲಿ ನುಡಿಸಿದೆ. ಈ ಈಸ್ಟರ್ ಮೇಳದಲ್ಲಿ ನನ್ನ ಸೋಲೋ ಮುಗಿದಾಗ ಜನ ಎದ್ದು ನಿಂತರು. ವಾರ್ಡಿನ ರೋಗಿಗಳು ನನ್ನನ್ನು ಟ್ರೊಂಬೋನ್ ನರ್ಸ್ ಅನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ನಿನ್ನ ಹಳೆಯ ಟ್ರೊಂಬೋನನ್ನು ಊದಿ ಎಮ್ಮೆಯಂತೆ ಕೂಗಿಸುತ್ತಿದ್ದವಳು ನಾನೇ ಎಂದರೆ ಯಾರೂ ನಂಬುವುದಿಲ್ಲ.

ಆದರೆ ಲೀಡ್ ಕುರ್ಚಿಗೆ ಆಯ್ಕೆ ನಡೆದ ದಿನದ ಮಾತೊಂದು ಬಾಕಿಯಿದೆ. ಗ್ರೇಮ್ ನಮ್ಮಿಬ್ಬರನ್ನೂ ಪರದೆಯ ಹಿಂದೆ ನಿಲ್ಲಿಸಿ ಒಂದೇ ಸೋಲೋ ನುಡಿಸಲು ಹೇಳಿದ, ಯಾರದೆಂದು ತಿಳಿಯದೆ ನನ್ನದನ್ನು ಆರಿಸಿದ. ಕಾರಿನಲ್ಲಿ ನೀನು, "ಟ್ರೊಂಬೋನಿನ ಸ್ಲೈಡ್ ಹಿಡಿಯೋದು ಹೇಳ್ಕೊಟ್ಟಿದ್ದೇ ನಾನು ಕಣೇ. ಗ್ರೇಮ್‌ಗೆ ಮೊದ್ಲೇ ಏನೋ ಹೇಳಿರ್ತೀಯ" ಅಂದೆ. ನಾನು ಇಲ್ಲ ಅಂದೆ. ಅದು ನಿಜ. ಆದರೆ ಅದಕ್ಕೆ ಮುಂಚಿನ ಎರಡು ತಿಂಗಳು ಓವರ್‌ಟೈಮ್ ಎಂದು ನಾನು ಹೇಳಿದ್ದೆಲ್ಲ ಸುಳ್ಳು. ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಕಾರಿನ ಡಿಕ್ಕಿ ತೆರೆದು ಕೂತು ಅದೇ ಸೋಲೋ ಅಭ್ಯಾಸ ಮಾಡುತ್ತಿದ್ದೆ.

ಇನ್ನೊಂದಿದೆ. ಆಗ ನಿನ್ನ ತುಟಿ ಸೋಲುತ್ತಿತ್ತು, ಮೇಲಿನ ಸ್ವರಗಳು ಒಡೆಯುತ್ತಿದ್ದವು. ಎಲ್ಲರಿಗಿಂತ ಮೊದಲು ನನಗೆ ಕೇಳಿಸಿತ್ತು. ನರ್ಸ್ ಆಗಿದ್ದೂ, ಡಾಕ್ಟರಿಗೆ ತೋರಿಸು ಎಂದು ಹೇಳಲಿಲ್ಲ. ಹೇಳಿದ್ದರೆ ನೀನು ಸುಧಾರಿಸಿಕೊಳ್ಳುತ್ತಿದ್ದೆ. ನನಗೆ ಗೆಲ್ಲಬೇಕಿತ್ತು. ಗೆದ್ದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದಕ್ಕೆ ಕೇಳುತ್ತೇನೆ.

ನೀನು ಅಲ್ಲಿಯ ಬ್ರಾಸ್ ಬ್ಯಾಂಡಿಗೆ ಸೇರಿರುವುದನ್ನು ಅಲ್ಲೇ ಇರುವ ವಸಂತಾ ಆಂಟಿ ಫೋನಿನಲ್ಲಿ ಹೇಳಿದರು. "ನಿಮ್ಮೋನು ಈಗ ಸಖತ್ತಾಗಿ ಊದ್ತಾನೆ ಕಣೇ, ತುಟಿ ಸರಿ ಹೋಗಿದೆ" ಅಂದರು. ಆ ಮಾತಿನ ಮೇಲೆಯೇ ಗ್ರೇಮ್‌ಗೆ ಭರವಸೆ ಕೊಟ್ಟಿದ್ದೇನೆ. ಎರಡು ಶನಿವಾರ ವಿಮಾನದಲ್ಲಿ ಹಾರಿ ಬಂದು ಅಭ್ಯಾಸ ಮಾಡಿದರೆ ಸಾಕು. ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೆಂದು ನಿನಗೆ ಗೊತ್ತು, ಆ ಜಾಗದಲ್ಲಿ ನೀನು ಸ್ವರ ಹಿಡಿದು ನಿಲ್ಲಬೇಕು. ಬೇರೆ ಯಾರು ಬಂದರೂ ಅದನ್ನು ಕಲಿಸಲು ಒಂದು ವರ್ಷ ಬೇಕು.

ನನ್ನ ಪಕ್ಕದಲ್ಲಿ ಎರಡನೆಯವನಾಗಿ ಕೂರಬಲ್ಲೆಯಾ? ಯೋಚಿಸಿ ಗ್ರೇಮ್‌ಗೆ ತಿಳಿಸು.

ಕಾತ್ಯಾಯಿನಿ

ತಾ.ಕ.: ಏಪ್ರಿಲ್‌ನಲ್ಲಿ ನೀನು ಕಳಿಸಿದ ವಿಚ್ಛೇದನದ ಅರ್ಜಿ ಇದೇ ಕವರಿನಲ್ಲಿದೆ, ಸಹಿ ಹಾಕಿದ್ದೇನೆ. ಸಹಿ ಹಾಕಿದ್ದು ಸೋಮವಾರ. ಗ್ರೇಮ್‌ಗೆ ನಿನ್ನ ಹೆಸರು ಹೇಳಿದ್ದು ಮಂಗಳವಾರ. ನಿನಗೆ ಗೊಂದಲ ಆಗಬಾರದೆಂದು ಬರೆದೆ.