ಗಂಡನ ಅಂಗಿ ಬಡಿದ ದಿನ

ಏಪ್ರಿಲ್ ೧೪, ೧೮೫೨, ಬುಧವಾರ

ಅಂಗೈ ಉರಿಯುತ್ತಿದೆ, ಲೇಖನಿ ಹಿಡಿಯಲಾಗುತ್ತಿಲ್ಲ. ಆದರೂ ಬರೆಯದೆ ನಿದ್ದೆ ಬಾರದು.

ಚಳಿಗಾಲವಿಡೀ ಕೂಡಿಟ್ಟ ಕೊಳೆ ಬಟ್ಟೆಯೆಲ್ಲ ಇವತ್ತೇ ಒಗೆಯಬೇಕಿತ್ತು. ಕೆಲಸದ ಓಡಿಲ್ ಜ್ವರ ಬಂದು ಮಲಗಿಬಿಟ್ಟಳು. "ನೋಟರಿ ಹೆಂಡತಿ ಹೋಗಿ ಹೊಳೆದಂಡೇಲಿ ಮಂಡಿಯೂರೋದಾ? ಊರು ನಗುತ್ತೆ!" ಎಂದು ಅತ್ತೆ ಕೂಗುತ್ತಲೇ ಇದ್ದರು, ನಾನು ತಳ್ಳುಗಾಡಿ ಹಿಡಿದು ಹೊರಟೇಬಿಟ್ಟೆ.

ಊರು ನಕ್ಕಿತು, ನಿಜ. ಅಗಸಗಿತ್ತಿ ಪೆಲಾಜಿ ನನ್ನ ಕೈಗೆ ಮರದ ಕೊಡತಿ ಕೊಟ್ಟು, "ಹಂಗೆ ಸವರಿದ್ರೆ ಕೊಳೆ ಹೋಗುತ್ತಾ ಅಮ್ಮಾವ್ರೇ? ಯಜಮಾನ್ರ ಅಂಗಿ ಅಂದ್ಕೋಬೇಡಿ, ಯಜಮಾನ್ರೇ ಅಂದ್ಕೊಂಡು ಬಡೀರಿ!" ಎಂದಳು.

ಬಡಿದೆ. ಮನೆಯ ಸದಾ ಮುಚ್ಚಿದ ಕಿಟಕಿಗಳಿಗೊಂದು ಏಟು, ಸಂಜೆ ಸಂಜೆಯೂ ಅದೇ ಇಸ್ಪೀಟು, ಅದೇ ಮಾತು, ಅದಕ್ಕೊಂದು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು, ನಾನೂ. ಮದುವೆಯಾದ ಮೇಲೆ ಇಷ್ಟು ನಕ್ಕ ನೆನಪಿಲ್ಲ.

ಅತ್ತೆ ಯಜಮಾನರಿಗೆ ಚಾಡಿ ಹೇಳಿದ್ದರು. ಆದರೆ ಮಲಗುವಾಗ ಯಜಮಾನರು ಗಾಳಿಗೆ ಒಣಗಿದ ಆ ಅಂಗಿ ತೊಟ್ಟು, ತೋಳು ಸವರಿಕೊಂಡರು.

"ಕೈ ನೋಡ್ಕೋ, ಹೆಂಗೆ ಕೆಂಪಗಾಗಿದೆ! ಭಾನುವಾರ ಚರ್ಚಿಗೆ ಕೈಗವಸು ಹಾಕ್ಕೊಂಡೇ ಬಾ. ಆದ್ರೂ ಅಂಗಿ ಇಷ್ಟು ಬೆಳ್ಳಗೆ ಯಾವತ್ತೂ ಆಗಿರ್ಲಿಲ್ಲ. ಹೆಂಗೆ ಒಗೆದೆ?"

"ನಿಮ್ಮನ್ನೇ ನೆನೆಸ್ಕೊಂಡು ಒಗೆದೆ."

ಪಾಪ, ಹಣೆಗೆ ಮುತ್ತಿಟ್ಟರು.

ಅವರ ಅಂಗಿಗಳೇ ಇನ್ನೂ ಒಂದು ಬುಟ್ಟಿ ಉಳಿದಿವೆ. ಬೆಳಿಗ್ಗೆ ಬೇಗ ಏಳಬೇಕು.