ಫಿಲ್ಟರ್ ಮೇಲಿನ ತಾರೀಖು

ಅಪ್ಪ,

ನೀವು ತೀರಿಕೊಂಡ ಮೇಲೆ ಮೊದಲ ಸಲ ನನ್ನ ಕಾರಿನ ಆಯಿಲ್ ಇವತ್ತು ನಾನೇ ಬದಲಾಯಿಸಿದೆ. "ನಿನ್ನ ಕೈಲಿ ಆಗಲ್ಲ ಬಿಡಮ್ಮ, ಗ್ಯಾರೇಜಿಗೆ ಕೊಡು" ಅಂದರು ಪಕ್ಕದ ಮನೆಯ ಡ್ರೈವರ್ ಮಾಮ. ನಾನು ಕೇಳಲಿಲ್ಲ. ಜಾಕಿ ಕೊಟ್ಟು, ಕಾರಿನಡಿ ತೂರಿ, ಬೋಲ್ಟ್ ಬಿಚ್ಚಿ ಕಪ್ಪು ಆಯಿಲನ್ನೆಲ್ಲ ಇಳಿಸಿದೆ. ನೆಲಕ್ಕೆ ಒಂದು ತೊಟ್ಟೂ ಬೀಳಲಿಲ್ಲ. ಮಾಮ ಟಾರ್ಚ್ ಹಿಡಿದು ನಿಂತರು.

ಹಳೆಯ ಆಯಿಲ್ ಫಿಲ್ಟರ್ ಬಿಚ್ಚಿದರೆ ಅದರ ಮೇಲೆ ನಿಮ್ಮ ಅಕ್ಷರದಲ್ಲಿ, ಅದನ್ನು ಹಾಕಿದ ದಿನದ ತಾರೀಖು. ನಾವು ಮಾತು ಬಿಟ್ಟ ಎರಡು ತಿಂಗಳಿಗೆ ಬಂದ ಭಾನುವಾರದ್ದು. ಕಾರಿನ ಇನ್ನೊಂದು ಕೀ ನಿಮ್ಮ ಹತ್ತಿರವೇ ಉಳಿದಿತ್ತಲ್ಲ.

ಹೊಸ ಫಿಲ್ಟರಿನ ಮೇಲೆ ನಾನೂ ತಾರೀಖು ಬರೆದೆ, ನಿಮಗಿಂತ ದಪ್ಪಕ್ಷರದಲ್ಲಿ.

ಆ ಭಾನುವಾರ ನಾನು ಮನೆಯಲ್ಲೇ ಇದ್ದೆ. ಕೆಳಗೆ ಜಾಕಿಯ ಸದ್ದು ಕೇಳಿತ್ತು, ಅಪ್ಪ. ಮಾಮ ತಮ್ಮ ಗಾಡಿ ರಿಪೇರಿ ಮಾಡುತ್ತಿರಬೇಕು ಎಂದುಕೊಂಡು ಕಿಟಕಿ ಮುಚ್ಚಿದೆ.